ಗೋಡೆಯ ಮೇಲೆ ಅಣಬೆ ಬೇಡ

ಬುಧವಾರ ನಸುಕಿನಲ್ಲಿ ಬಡಗಿ ರಾಶ್ಕೊ ತೀರಿಹೋದ ಸುದ್ದಿ ಟ್ರ್ಯಾವ್ನಾ ಪಟ್ಟಣದಲ್ಲಿ ಹರಡುತ್ತದೆ. ರಾತ್ರಿ ಉಂಡು ಮಲಗಿದವನು ಏಳಲಿಲ್ಲ. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಡುತ್ತಾರೆ. ಹೆಂಡತಿ ವೆಲಿಕಾ ಅವನ ಒಂದು ಫೋಟೊ ಹಿಡಿದು ಗಿನ್ಕಾಳ ಮನೆಗೆ ಬರುತ್ತಾಳೆ. ಸಾವಿನ ಮನೆಯವರು ಪಾದ್ರಿಯ ನಂತರ ಹೋಗುವುದು ಅಲ್ಲಿಗೇ.

ಗಿನ್ಕಾಳಿಗೆ ಅರವತ್ತೆಂಟು. ಸತ್ತವರ ಫೋಟೊ, ಹೆಸರು, ವಯಸ್ಸು, ಮಣ್ಣಿಗಿಡುವ ಹೊತ್ತು ಇಷ್ಟನ್ನು ಕಪ್ಪು ಅಂಚಿನ ಕಾಗದದಲ್ಲಿ ಅಚ್ಚು ಹಾಕಿ ಊರಿಗೆಲ್ಲ ಅಂಟಿಸುವುದು ಅವಳ ಕಸುಬು. ಗಂಡನಿದ್ದಾಗ ಅವನು ಅಚ್ಚು ಹಾಕುತ್ತಿದ್ದ, ಇವಳು ಅಂಟಿಸುತ್ತಿದ್ದಳು. ಅವನು ಹೋಗಿ ಇಪ್ಪತ್ತಾರು ವರ್ಷ, ಈಗ ಎರಡೂ ಇವಳದೇ. ಅವನ ಕಾಗದವನ್ನೂ ಇವಳೇ ಅಂಟಿಸಿದಳು. ಒಬ್ಬರಿಗೆ ಮೂವತ್ತು ಕಾಗದ. ಬೇಕರಿಯ ಬಾಗಿಲು, ಬಸ್ ನಿಲ್ದಾಣ, ದೀಪದ ಕಂಬಗಳು, ಚರ್ಚಿನ ಗೇಟು ಎಂದು ಎರಡೂವರೆ ಗಂಟೆಯ ನಡಿಗೆ. ಮಂಡಿ ಸವೆದಿದೆ.

"ನನ್ನ ಅಂಟಿನ ಬಕೆಟ್ ಕಂಡ್ರೆ ಹೆಂಗಸ್ರು ಪರದೆ ಎಳ್ಕೋತಾರೆ. ಆಮೇಲೆ ಅದೇ ಪರದೆ ಸಂದಿಯಿಂದ ಯಾರು ಹೋದ್ರು ಅಂತ ಓದ್ತಾರೆ," ಎಂದು ನಗುತ್ತಾಳೆ.

ಗುರುವಾರ ಬೆಳಗಿನ ಜಾವ ಹನ್ನೆರಡು ಕಾಗದ ಅಂಟಿಸಿ ಅವಳು ಪತ್ರಿಕೆ ಮಾರುವ ತೋತ್ಯುವಿನ ಗೂಡಂಗಡಿಗೆ ಬರುತ್ತಾಳೆ. ಅಲ್ಲಿ ಆಗಲೇ ಜನರ ಸಾಲು.

"ಗಿನ್ಕಾ, ನಿನ್ನದು ಪುಕ್ಕಟೆ, ಆದ್ರೂ ಗಿರಾಕಿ ಇಲ್ಲ. ನನ್ನದು ನೋಡು!" ಎಂದು ತೋತ್ಯು ಛೇಡಿಸುತ್ತಾನೆ.

ರಾಜಧಾನಿಯ ಪತ್ರಿಕೆಯೊಂದರ ಮುಖಪುಟದಲ್ಲಿ ಅಂಗೈಯಗಲದ ಅಕ್ಷರ: 'ಗಂಡನ ಕೊನೆಯ ಊಟ: ಹೆಂಡತಿ ಬಡಿಸಿದ ಅಣಬೆ!' ರಾಶ್ಕೊ ಅಣಬೆ ಸಾರು ಉಂಡದ್ದು ನಿಜ, ಸತ್ತದ್ದೂ ನಿಜ. ಆ ಎರಡು ನಿಜಗಳ ನಡುವೆ ನಿಂತಿದ್ದ ವೈದ್ಯರನ್ನು ಮಾತ್ರ ಪತ್ರಿಕೆ ಕೈಬಿಟ್ಟಿದೆ. ಸುಳ್ಳಿನ ಒಂದು ಪದವಿಲ್ಲ, ಆದರೂ ಓದಿದವರಿಗೆಲ್ಲ ವಿಷದ ವಾಸನೆ ಹತ್ತುತ್ತದೆ.

"ನಾನೂ ಎರಡು ಸಲ ಓದ್ದೆ, ಯಾಕೆ ಸುಳ್ಳು ಹೇಳ್ಲಿ? ದಪ್ಪ ಅಕ್ಷರ ಕಣ್ಣನ್ನ ಕತ್ತು ಹಿಡಿದು ಎಳೀತದೆ," ಎನ್ನುತ್ತಾಳೆ ಗಿನ್ಕಾ.

ಅಷ್ಟರಲ್ಲಿ ವೆಲಿಕಾ ತಲೆಗೆ ಬಟ್ಟೆಯನ್ನೂ ಕಟ್ಟದೆ ಓಡಿಬರುತ್ತಾಳೆ.

"ಗಿನ್ಕಮ್ಮ, ಅಂಟಿಸಿದ್ದನ್ನೆಲ್ಲ ಕಿತ್ತು ಹಾಕು! ಹೊಸದು ಅಚ್ಚು ಹಾಕು. ಅಣಬೆಯಿಂದ ಸತ್ತಿಲ್ಲ ಅಂತ ಅವರಿಗಿಂತ ದಪ್ಪ ಅಕ್ಷರದಲ್ಲಿ ಹಾಕು!"

"ಆಗಲ್ಲ ಮಗಳೇ. ಅವರು ಕೂಗಿದ್ರು ಅಂತ ನಾವೂ ಕೂಗಿದ್ರೆ ಸತ್ತವನು ಎಲ್ಲಿ ಉಳಿದ? ಗೋಡೆ ಮೇಲೆ ರಾಶ್ಕೊ ಇರ್ಬೇಕು ಕಣಮ್ಮ, ಅಣಬೆ ಅಲ್ಲ."

"ಹಾಗಾದ್ರೆ ಇವತ್ತು ನನ್ನ ಕೈಯಿಂದ ಗೋಧಿ ಯಾರು ತಿಂತಾರೆ?"

ಮಣ್ಣು ಕೊಟ್ಟ ಮೇಲೆ ಮನೆಯವರು ಬೇಯಿಸಿದ ಸಿಹಿ ಗೋಧಿಯನ್ನು ಬಂದವರ ಕೈಗೆ ಹಾಕಬೇಕು. ತಿಂದವರು ಸತ್ತವನಿಗಾಗಿ ದೇವರಲ್ಲಿ ಕ್ಷಮೆ ಬೇಡಬೇಕು. ಯಾರೂ ತಿನ್ನದಿದ್ದರೆ ರಾಶ್ಕೊನಿಗಾಗಿ ಬೇಡುವವರೇ ಇಲ್ಲ. ಗಿನ್ಕಾ ಬಕೆಟ್ ಎತ್ತಿಕೊಂಡು ಉಳಿದ ಹದಿನೆಂಟು ಕಾಗದಗಳನ್ನೂ ಅಂಟಿಸುತ್ತಾಳೆ.

ಮಧ್ಯಾಹ್ನ ಸ್ಮಶಾನಕ್ಕೆ ನಲವತ್ತು ಜನ ಬರುತ್ತಾರೆ. ಪಾದ್ರಿಯ ಪ್ರಾರ್ಥನೆ ಮುಗಿಯುತ್ತದೆ, ಮಣ್ಣು ಬೀಳುತ್ತದೆ. ವೆಲಿಕಾ ಗೋಧಿಯ ಬೋಗುಣಿ ಹಿಡಿದು ನಿಲ್ಲುತ್ತಾಳೆ. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಯಾರೂ ಮುಂದೆ ಬರುವುದಿಲ್ಲ.

ಅಂಟು ಮೆತ್ತಿದ ಅಂಗೈ ಚಾಚಿ ಗಿನ್ಕಾ ನಡೆದು ಬರುತ್ತಾಳೆ. ವೆಲಿಕಾ ಒಂದು ಚಮಚ ಹಾಕುತ್ತಾಳೆ.

"ಇನ್ನೊಂದು ಚಮಚ ಹಾಕೇ, ಜಿಪುಣಿ! ಬೆಳಗಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."

ಎಲ್ಲರೂ ನೋಡುತ್ತಿರುವಂತೆಯೇ ನಿಧಾನವಾಗಿ ಅಗಿಯುತ್ತಾಳೆ. ತೋತ್ಯು ಟೋಪಿ ತೆಗೆದು ಅವಳ ಹಿಂದೆ ನಿಲ್ಲುತ್ತಾನೆ. "ಮೂವತ್ತು ವರ್ಷ ಇವಳ ಅಡುಗೆ ಉಂಡು ಅವನು ಎಮ್ಮೆ ಥರ ಇದ್ದ. ನನಗೂ ಹಾಕಮ್ಮ," ಎನ್ನುತ್ತಾನೆ. ಯಾರೋ ಕಿಸಕ್ಕೆನ್ನುತ್ತಾರೆ. ಆಮೇಲೆ ಬೇಕರಿಯವಳು, ಮರದ ಅಡ್ಡೆಯ ಆಳುಗಳು, ಪರದೆ ಎಳೆದುಕೊಳ್ಳುವ ಹೆಂಗಸರು. ಬೋಗುಣಿಯ ತಳ ಕಾಣುವ ಹೊತ್ತಿಗೆ ವೆಲಿಕಾ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎರಡು ದಿನದಿಂದ ಹಿಡಿದಿಟ್ಟ ಉಸಿರು ಈಗ ಹೊರಬರುತ್ತದೆ.

ಗೋಧಿ ತಿಂದ ಒಬ್ಬೊಬ್ಬರ ಬಾಯಲ್ಲೂ ಅದೇ ಮಾತು: "ದೇವರು ರಾಶ್ಕೊನನ್ನು ಕ್ಷಮಿಸಲಿ. ಅವನ ಆತ್ಮಕ್ಕೆ ಬೆಳಕಿರುವಲ್ಲಿ ನೆಲೆ ಕೊಡಲಿ."