ಮುದ್ದಮ್ಮನ ಬಾಣಂತನವೂ ಗುಂಗುರಿನ ಕಾಟವೂ

ಅರಸೀಕೆರೆಯ ರೈಲ್ವೆ ಗೇಟಿನಾಚೆಯ ಬೀದಿಯಲ್ಲಿ ಮುದ್ದಮ್ಮ ಬಂದಳೆಂದರೆ ನಾಯಿಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದವು. ಹೆಂಗಸು ಕೆಟ್ಟವಳಲ್ಲ. ಬಾಯಿ ಸ್ವಲ್ಪ ಜೋರು, ಕೈಯಲ್ಲಿ ಸದಾ ಪೊರಕೆ, ಅಷ್ಟೇ. ಹಾರನಹಳ್ಳಿಯ ರಾಗಿ ಹೊಲದವರ ಮಗಳು. ಗಂಡ ಜವರಯ್ಯ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕಿದ್ದ. ಮಂಡಿಯಲ್ಲಿ ಹುಲಿ, ಮನೆಯಲ್ಲಿ ಹೆಂಡತಿ ಹೇಳಿದ ಕಡೆ ಚಪ್ಪಲಿ ಬಿಡುವ ಮನುಷ್ಯ. ಒಬ್ಬಳೇ ಮಗಳು ಶಿಲ್ಪಶ್ರೀಯನ್ನು ಬೇಲೂರು ತಾಲೂಕಿನ ಬಿಕ್ಕೋಡಿಗೆ, ಕಾಫಿ ತೋಟದ ಮೇಸ್ತ್ರಿಯ ಮನೆಗೆ ಕೊಟ್ಟಿದ್ದರು. ತೊಂಬತ್ತೆಂಟರ ಬೇಸಿಗೆಯಲ್ಲಿ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಮಗುವನ್ನು ಹೆತ್ತಳು.

ಆ ಬಾಣಂತನಕ್ಕಾಗಿ ಮುದ್ದಮ್ಮ ಮಗಳು ಹುಟ್ಟಿದಂದಿನಿಂದ ಕಾದಿದ್ದಳು ಎಂದರೂ ತಪ್ಪಿಲ್ಲ. ತನ್ನ ಹೆರಿಗೆಯ ಹೊತ್ತಿಗೆ ಅವಳಿಗೆ ತಾಯಿ ಇರಲಿಲ್ಲ. ಗಂಡನ ಮನೆಯಲ್ಲೇ ಹೆತ್ತು, ವಾರ ಕಳೆಯುವುದರೊಳಗೆ ಸೊಂಟಕ್ಕೊಂದು ಬಟ್ಟೆ ಬಿಗಿದುಕೊಂಡು ರಾಗಿ ಬೀಸಲು ಕೂತವಳು. ಆ ಸೊಂಟ ನೋವು ಈಗಲೂ ಮಳೆಗಾಲಕ್ಕೊಮ್ಮೆ ಬಂದು ಮಾತಾಡಿಸಿಕೊಂಡು ಹೋಗುತ್ತಿತ್ತು. ತನ್ನ ಮಗಳಿಗೆ ಹಾಗಾಗಕೂಡದು, ವಾಡಿಕೆಯ ಮೂರು ತಿಂಗಳು ಅವಳು ಒಂದು ಲೋಟವನ್ನೂ ತೊಳೆಯಕೂಡದು ಎಂದು ಮುದ್ದಮ್ಮ ಯಾರಿಗೂ ಹೇಳದೆ ತೀರ್ಮಾನಿಸಿಕೊಂಡಿದ್ದಳು. ಹಂಡೆಗೆ ಸೌದೆ, ಎಣ್ಣೆ ನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಯಾವುದಕ್ಕೂ ಕೊರತೆಯಿರಲಿಲ್ಲ.

ಕೊರತೆಯಿಲ್ಲದ ಇನ್ನೊಂದು ವಸ್ತು ಬಾಳೆಹಣ್ಣು. ಮಗು ನೋಡಲು ಬಂದವರೆಲ್ಲ ಕೈಯಲ್ಲಿ ಒಂದೊಂದು ಚಿಪ್ಪು ಹಿಡಿದೇ ಬರುತ್ತಿದ್ದರು. ನಮ್ಮ ಜನರ ಈ ಪದ್ಧತಿಯನ್ನು ಏನೆನ್ನಬೇಕೋ ತಿಳಿಯದು. ಬಾಣಂತಿಗೆ ಬಾಳೆಹಣ್ಣು ಶೀತ, ತಿನ್ನಕೂಡದು ಎನ್ನುವವರೂ ಅವರೇ, ಅದನ್ನೇ ತಂದು ಮಡಿಲಿಗೆ ಹಾಕುವವರೂ ಅವರೇ. ಮಡಿಲಿಗೆ ಬಂದದ್ದನ್ನು ಹೊರಗೆ ಕೊಡಬಾರದೆಂದು ಮುದ್ದಮ್ಮ ಎಲ್ಲವನ್ನೂ ಬುಟ್ಟಿಯಲ್ಲಿ ಪೇರಿಸಿ ಉಗ್ರಾಣದ ಮೂಲೆಗಿಟ್ಟಳು. ಹಣ್ಣು ಕಪ್ಪಾಯಿತು, ರಸ ಸೋರಿತು, ಗುಂಗುರು ಎದ್ದಿತು. ಹಣ್ಣು ಕೊಳೆತಲ್ಲಿಗೆ ಎಲ್ಲಿಂದಲೋ ಹಾಜರಾಗುವ, ಸಾಸಿವೆ ಕಾಳಿನಷ್ಟಿದ್ದು ಕೆಂಪು ಕಣ್ಣು ಬಿಡುವ ಆ ಸಣ್ಣ ನೊಣ. ಮೊದಲು ಬುಟ್ಟಿಯ ಮೇಲಿತ್ತು, ಆಮೇಲೆ ಅಡುಗೆಮನೆಗೆ ಬಂತು, ಕೊನೆಗೆ ಬಾಣಂತಿ ಕೋಣೆಗೂ ನುಗ್ಗಿತು.

ಬೀಗಿತಿ ಬಸಮ್ಮ ಮೊಮ್ಮಗನನ್ನು ನೋಡಲು ಬಿಕ್ಕೋಡಿನಿಂದ ಬಂದದ್ದು ಅದೇ ಹೊತ್ತಿಗೆ. ಬಸಮ್ಮ ಎತ್ತರದ ಹೆಂಗಸು. ಆಡುವುದು ಕಡಿಮೆ, ಆಡಿದ್ದನ್ನು ಬದಲಿಸುವವಳಲ್ಲ. ಹಾಲು ಕುಡಿದು ಮಲಗಿದ್ದ ಕೂಸಿನ ತುಟಿಯಂಚಿನಲ್ಲಿ ಮೂರ್ನಾಲ್ಕು ಗುಂಗುರು ಕೂತಿದ್ದವು. ಬಸಮ್ಮ ಅವನ್ನು ಸೆರಗಿನಿಂದ ಅಟ್ಟಿದಳು. ಅವು ಎದ್ದವು, ಮತ್ತೆ ಕೂತವು.

"ಬೀಗ್ರೇ, ಬೇಜಾರ್ ಮಾಡ್ಕೋಬೇಡಿ," ಎಂದಳು. "ಕೂಸಿನ ಬಾಯಿಗೆ ನೊಣ ಮುತ್ತೋ ಮನೇಲಿ ನಾನ್ ಬಿಡಾಕಿಲ್ಲ. ತಿಂಗಳು ತುಂಬಿ ತೊಟ್ಟಿಲಿಗೆ ಹಾಕೋ ದಿನ ಜೀಪ್ ತಗೊಂಡೇ ಬತ್ತೀನಿ. ಅಷ್ಟ್ರಾಗೆ ಇವು ಹೋಗಿದ್ರೆ ಸರಿ, ಇಲ್ದಿದ್ರೆ ತಾಯಿ ಮಗು ಇಬ್ರನ್ನೂ ಕರ್ಕೊಂಡ್ ಹೋಯ್ತೀನಿ."

ಮುದ್ದಮ್ಮನಿಗೆ ಬೀಗಿತಿಯ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಆಕೆ ಸುಳ್ಳು ಹೇಳಿರಲಿಲ್ಲ, ಅದೇ ಹೆಚ್ಚು ಉರಿಯುತ್ತಿತ್ತು. ಬೀದಿಗೆಲ್ಲ ಕಸದ ಪಾಠ ಹೇಳುವವಳ ಮನೆಯಿಂದ ಬಾಣಂತಿಯನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ಅಲ್ಲಿ ಬಸಮ್ಮನ ಮನೆಯಲ್ಲಿ ತೋಟದಾಳುಗಳಿಗೆಲ್ಲ ಅಡುಗೆಯಾಗಬೇಕು. ಮಗಳು ಹೋದ ವಾರಕ್ಕೆ ಒಲೆ ಮುಂದೆ ಕೂತಿರುತ್ತಾಳೆ.

ಬಸಮ್ಮ ಬಸ್ಸು ಹತ್ತುತ್ತಲೇ ಮುದ್ದಮ್ಮ ಸೆರಗು ಸಿಕ್ಕಿಸಿದಳು. ಮಡಿಲ ಹಣ್ಣು ಹೊರಗೆ ಹೋಗಬಾರದೆಂಬ ಶಾಸ್ತ್ರವನ್ನು ಮುರಿದು, ಚೆನ್ನಾಗಿದ್ದುದನ್ನು ಬೀದಿ ಮಕ್ಕಳಿಗೆ ಹಂಚಿದಳು, ಕೊಳೆತದ್ದನ್ನು ಅಂಗಳದ ತೆಂಗಿನ ಮರದ ಬುಡದಲ್ಲಿ ಹೂತಳು. ಬುಟ್ಟಿಯನ್ನು ಒಲೆಗೆ ಹಾಕಿದಳು. ಉಗ್ರಾಣದ ನೆಲ ಉಜ್ಜಿದಳು, ಒರೆಸುವ ಬಟ್ಟೆಯನ್ನು ಕುದಿಸಿ ಬಿಸಿಲಿಗೆ ಹರವಿದಳು. ಸಾಂಬ್ರಾಣಿಯನ್ನು ಎರಡು ಪಾಲು ಹೆಚ್ಚಿಸಿದಳು. ಹೊಗೆಗೆ ಕೆಮ್ಮಿದ್ದು ಮಗಳು; ಗುಂಗುರು ಸುಖವಾಗಿತ್ತು.

ಹೆಂಡತಿಯ ಪಾಡು ನೋಡಲಾರದೆ ಜವರಯ್ಯ ತನಗೆ ತಿಳಿದ ಉಪಾಯ ಮಾಡಿದ. ಮಂಡಿಯ ಗೆಳೆಯನೊಬ್ಬನಿಂದ ಗಿಡಕ್ಕೆ ಹೊಡೆಯುವ ಔಷಧಿಯ ಬಾಟಲಿ ಮತ್ತು ಪಂಪನ್ನು ತಂದ. ಒಂದು ಸಲ ಹೊಡೆದರೆ ಸಾಕು, ಒಂದೂ ಉಳಿಯುವುದಿಲ್ಲ ಎಂದು ಎದೆಯುಬ್ಬಿಸಿದ. ಮುದ್ದಮ್ಮ ಬಾಣಂತಿ ಕೋಣೆಯ ಹೊಸ್ತಿಲಿಗೆ ಅಡ್ಡ ಕೂತಳು.

"ಇದು ಗಿಡಕ್ಕೆ ಹೊಡೆಯೋ ವಿಷ," ಎಂದಳು. "ಕೂಸು ಉಸಿರಾಡೋ ಗಾಳಿಗೆ, ನಾವು ಉಣ್ಣೋ ಪಾತ್ರೆಗೆ ಇದು ಬೀಳಾಕೆ ನಾನ್ ಬಿಡಾಕಿಲ್ಲ. ಮಗಳನ್ನ ಬಸಮ್ಮ ಕರ್ಕೊಂಡೋದ್ರೂ ಚಿಂತೆ ಇಲ್ಲ, ಉಸಿರಾಡ್ಕೊಂಡು ಹೋಗ್ಲಿ."

ಮಗಳು ಹೋದರೂ ಚಿಂತೆಯಿಲ್ಲ ಎಂಬ ಮಾತು ಹೆಂಡತಿಯ ಬಾಯಲ್ಲಿ ಬಂದದ್ದು ಕೇಳಿ ಜವರಯ್ಯ ಪಂಪನ್ನು ಕೆಳಗಿಟ್ಟ. ಬಾಟಲಿಯನ್ನು ಒಂದು ರಾತ್ರಿಯೂ ಮನೆಯಲ್ಲಿಡಲು ಅವಳು ಬಿಡಲಿಲ್ಲ. ಆಗಲೇ ಸೈಕಲ್ಲಿನಲ್ಲಿ ವಾಪಸು ಹೋಯಿತು.

ವಿಷ ಬೇಡವೆಂದಮೇಲೆ ತಂತ್ರವೇ ಗತಿ. ಕೊಳೆತ ಹಣ್ಣಿಗೆ ಬರುವ ನೊಣವನ್ನು ಹಣ್ಣಿನಿಂದಲೇ ಹಿಡಿಯಬೇಕೆಂದು ಮುದ್ದಮ್ಮ ಗಾಜಿನ ಲೋಟದಲ್ಲಿ ಬಾಳೆಹಣ್ಣು ಕಿವುಚಿ, ಬೆಲ್ಲದ ನೀರು ಹೊಯ್ದು, ಹುಳಿ ಬರಿಸಿ ಇಟ್ಟಳು. ಗುಂಗುರು ಬಂದವು, ಹಬ್ಬದೂಟ ಉಂಡವು, ಎದ್ದು ಹೋದವು. ಶಿಲ್ಪಶ್ರೀ ಮಲಗಿದಲ್ಲಿಂದಲೇ, ಎಲೆ ಅಡಿಕೆಯನ್ನೂ ಕೊಟ್ಟು ಕಳಿಸು ಎಂದು ನಕ್ಕಳು. ಮುದ್ದಮ್ಮನಿಗೆ ನಗು ಬರಲಿಲ್ಲ. ಮುಂದಿನ ಸಲ ಲೋಟದ ನೀರಿಗೆ ಬಟ್ಟೆ ಸೋಪನ್ನು ಚೂರು ಹೆರೆದು ಹಾಕಿದಳು. ಕಾಗದವನ್ನು ಕಡಲೆಕಾಯಿ ಪೊಟ್ಟಣದಂತೆ ಚೂಪಾಗಿ ಸುತ್ತಿ, ತುದಿಯಲ್ಲಿ ಸಣ್ಣ ತೂತು ಬಿಟ್ಟು ಲೋಟದ ಬಾಯಿಗೆ ಇಳಿಸಿದಳು. ಈಗ ಒಳಗೆ ಹೋದದ್ದಕ್ಕೆ ದಾರಿ ಸಿಗಲಿಲ್ಲ, ನೀರಿಗೆ ಕೂತದ್ದು ಮತ್ತೆ ಏಳಲಿಲ್ಲ. ಸಂಜೆಗೆ ಲೋಟದ ತಳ ಕಪ್ಪಾಗಿತ್ತು. ಮುದ್ದಮ್ಮ ಅದನ್ನು ಮಗಳ ಮೂಗಿನ ಹತ್ತಿರ ಹಿಡಿದು ತೋರಿಸಿದಳು.

ಆದರೆ ಹಿಡಿದಷ್ಟೂ ಹೊಸವು ಬರುತ್ತಿದ್ದವು. ತಿಂಗಳು ತುಂಬುತ್ತ ಬಂತು. ಎಲ್ಲೋ ಇವುಗಳ ತವರುಮನೆ ಇರಬೇಕು, ಅಲ್ಲೂ ಬಾಣಂತನ ನಡೆಯುತ್ತಿರಬೇಕು ಎಂದು ಅವಳಿಗೆ ಅನ್ನಿಸಿತು. ಕೋಣೆಗೊಂದರಂತೆ ಲೋಟ ಇಟ್ಟಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಅಡುಗೆಮನೆಯ ಲೋಟಕ್ಕಿಂತ ಬಚ್ಚಲಮನೆಯ ಲೋಟ ಬೇಗ ತುಂಬುತ್ತಿತ್ತು. ಬಚ್ಚಲ ಮೋರಿಯನ್ನು ಪೊರಕೆ ಕಡ್ಡಿಯಿಂದ ಉಜ್ಜಿ, ಹಂಡೆಯ ಕುದಿನೀರು ಹೊಯ್ದಳು, ಅಷ್ಟಕ್ಕೇ ಕಡಿಮೆಯಾಗಲಿಲ್ಲ. ಲೋಟವನ್ನು ಹಿತ್ತಿಲ ಬಾಗಿಲಾಚೆ ಇಟ್ಟಳು. ಅಲ್ಲಿ ಇನ್ನೂ ಬೇಗ ತುಂಬಿತು. ಬಾಗಿಲ ಪಕ್ಕದಲ್ಲಿ ಇದ್ದದ್ದು ಒಂದೇ, ಹಲಗೆ ಮುಚ್ಚಿದ ಕಲಗಚ್ಚಿನ ಬಾನಿ.

ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆಯನ್ನೆಲ್ಲ ಹಸುವಿಗೆಂದು ಸುರಿದಿಡುವ ಮಣ್ಣಿನ ಬಾನಿ ಅದು. ಇವರಿಗೆ ಹಸುವಿರಲಿಲ್ಲ, ಪಕ್ಕದ ಮನೆಯ ಮುತ್ತಮ್ಮ ದಿನಾ ಬೆಳಿಗ್ಗೆ ಬಂದು ತನ್ನ ಹಸುವಿಗೆ ಒಯ್ಯುತ್ತಿದ್ದಳು. ಮುದ್ದಮ್ಮ ಹಲಗೆ ಎತ್ತಿದಳು. ಮೋಡ ಎದ್ದಂತೆ ಗುಂಗುರು ಮುಖಕ್ಕೆ ಬಂತು. ಬಾನಿ ಕಂಠದವರೆಗೆ ತುಂಬಿ ಬುರುಗು ಕಟ್ಟಿತ್ತು, ಅಂಚಿನಲ್ಲಿ ಬಿಳಿ ಹುಳು ಮಿಜಿಮಿಜಿ ಎನ್ನುತ್ತಿತ್ತು.

ಬೇಲಿಯಾಚೆಯಿಂದ ಮುತ್ತಮ್ಮ ವಿಷಯ ಬಿಚ್ಚಿದಳು. ಹೆತ್ತ ಮನೆಯ ಪುರುಡಿನ ಮೈಲಿಗೆ. ಬೇರೆಯವರಿಗೆ ಹನ್ನೊಂದು ದಿನಕ್ಕೆ ಕಳೆದೀತು, ತಮ್ಮ ಮನೆತನದಲ್ಲಿ ತೊಟ್ಟಿಲಿಗೆ ಹಾಕುವ ತನಕ ಆ ಮನೆಯ ಕಲಗಚ್ಚು ಮುಟ್ಟುವಂತಿಲ್ಲ, ಹಾಗಾಗಿ ಮಗು ಹುಟ್ಟಿದಂದಿನಿಂದ ತಾನು ಬಂದೇ ಇಲ್ಲ ಎಂದಳು. ಬಾಣಂತನದ ಗಡಿಬಿಡಿಯಲ್ಲಿ ಮುದ್ದಮ್ಮ ಹಿತ್ತಿಲ ಕಡೆ ತಲೆ ಹಾಕಿರಲಿಲ್ಲ. ಹಾಗಾದರೆ ದಿನಾ ಸುರಿದವರು ಯಾರು? ಜವರಯ್ಯ ತಲೆ ತಗ್ಗಿಸಿ ನಿಂತಿದ್ದ. ಹೆಂಡತಿಗೆ ಸಹಾಯವಾಗಲೆಂದು ಮುಸುರೆಯನ್ನೆಲ್ಲ ತಾನೇ ತಂದು, ಒಳಗೆ ನೋಡದೆ ಸುರಿದು, ಅಚ್ಚುಕಟ್ಟಾಗಿ ಹಲಗೆ ಮುಚ್ಚುತ್ತಿದ್ದವನು ಅವನೇ. ಒಂದು ಕಡೆ ಪಂಪು ಹೊತ್ತು ತಂದವನು ಇನ್ನೊಂದು ಕಡೆ ತಿಂಗಳಿಡೀ ಅವಕ್ಕೆ ಊಟ ಹಾಕಿದ್ದ.

ಗುದ್ದಲಿ ಅವನ ಕೈಗೇ ಬಂತು. ಹಿತ್ತಿಲಲ್ಲಿ ಗುಂಡಿ ತೋಡಿ, ಬಾನಿಯಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದು, ಮೇಲೆ ಒಲೆಯ ಬೂದಿ ಹರವಿ ಮಣ್ಣು ಮುಚ್ಚಿದ. ಬಾನಿಯನ್ನು ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗೆ ಮಗುಚಿದರು. ಅಂದಿನಿಂದ ಸಿಪ್ಪೆ ಮುಸುರೆ ಒಂದು ಹೊತ್ತೂ ಮನೆಯಲ್ಲಿ ನಿಲ್ಲಲಿಲ್ಲ. ಲೋಟಗಳನ್ನು ದಿನಾ ಚೆಲ್ಲಿ ಹೊಸದಾಗಿ ಇಟ್ಟಳು. ಬರಬರುತ್ತ ಲೋಟದಲ್ಲಿ ಹತ್ತು ಬಿದ್ದವು, ನಾಲ್ಕು ಬಿದ್ದವು. ತೊಟ್ಟಿಲು ಶಾಸ್ತ್ರದ ಹಿಂದಿನ ದಿನ ಲೋಟದಲ್ಲಿ ಬರೀ ನೀರಿತ್ತು. ಮುದ್ದಮ್ಮ ಅದನ್ನು ಮತ್ತೆ ಮಗಳ ಮೂಗಿನ ಹತ್ತಿರ ಹಿಡಿದು ತೋರಿಸಿ ನಕ್ಕಳು.

ಬಸಮ್ಮ ಮಾತಿಗೆ ತಪ್ಪದೆ ಜೀಪಿನಲ್ಲಿ ಬಂದಳು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿಕೊಂಡೇ ಬಂದಿದ್ದಳು, ಜೊತೆಗೆ ತೋಟದ ಒಂದು ದೊಡ್ಡ ಹಲಸಿನ ಹಣ್ಣು. ಅದರ ವಾಸನೆ ಬೀದಿಯ ತುದಿಗೇ ಹೊಡೆಯುತ್ತಿತ್ತು. ಗುಂಗುರನ್ನು ಕರೆಯಲು ಅದಕ್ಕಿಂತ ದೊಡ್ಡ ಡಂಗುರ ಬೇಕಿಲ್ಲ. ಅಂಗಳದಲ್ಲಿ ಕುಯ್ಯೋಣವೆಂದು ಜವರಯ್ಯ ಮೆಲ್ಲಗೆ ಹೇಳಿದ. ಮುದ್ದಮ್ಮ ಕೇಳಲಿಲ್ಲ. ನಡುಮನೆಯಲ್ಲಿ, ತೊಟ್ಟಿಲಿನಿಂದ ಮಾರುದೂರದಲ್ಲಿ ಗೋಣಿಚೀಲ ಹಾಸಿ, ಕೈಗೆ ಎಣ್ಣೆ ಸವರಿಕೊಂಡು, ಬೀಗಿತಿಯ ಎದುರೇ ಹಣ್ಣನ್ನು ಸೀಳಿದಳು.

ತೊಟ್ಟಿಲು ಶಾಸ್ತ್ರ ಮುಗಿಯಿತು. ಬಂದವರು ತೊಳೆ ಬಿಡಿಸಿ ತಿಂದರು, ಮುದ್ದಮ್ಮನ ಲೋಟದ ತಂತ್ರದ ಬಗ್ಗೆ ಬಾಯಿ ತುಂಬ ಮಾತಾಡಿದರು. ಬಸಮ್ಮ ಮಾತ್ರ ತಿನ್ನದೆ ಹಣ್ಣಿನ ಮೇಲೇ ಕಣ್ಣಿಟ್ಟು ಕೂತಿದ್ದಳು. ಆಮೇಲೆ ತೊಟ್ಟಿಲ ಹತ್ತಿರ ಹೋಗಿ ಕೂಸಿನ ತುಟಿಯನ್ನು ಬಗ್ಗಿ ನೋಡಿದಳು. ಹಾಲು ಒಣಗಿದ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ತಿರುಗಿ ಬಂದು ಒಂದು ತೊಳೆ ಎತ್ತಿ ಬಾಯಿಗೆ ಹಾಕಿಕೊಂಡಳು.

"ಬೀಗ್ರೇ, ಕೂಸು ಇಲ್ಲೇ ಇರ್ಲಿ," ಎಂದಳು. "ಮೂರಲ್ಲ, ಐದು ತಿಂಗಳಾದ್ರೂ ಸರಿ. ಹಂಗೇ ನಂಗೂ ನಾಲ್ಕು ದಿನ ಇರಾಕೆ ಜಾಗ ಕೊಡಿ, ಆ ಲೋಟ ಕಟ್ಟೋದು ಹೆಂಗೆ ಅಂತ ಕಲ್ತ್ಕೊಂಡ್ ಹೋಯ್ತೀನಿ. ನಮ್ ಮನೇಲೂ ಐತೆ ಈ ಕಾಟ."

ಮುದ್ದಮ್ಮನಿಗೆ ಕಣ್ಣು ತುಂಬಿ ಬಂತು, ಆದರೆ ಅಳುತ್ತ ಕೂರುವಷ್ಟು ಪುರುಸೊತ್ತಿರಲಿಲ್ಲ. ಹಲಸಿನ ಸಿಪ್ಪೆ, ನಡುವಿನ ದಿಂಡು, ಮೇಣ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದು ಜವರಯ್ಯನ ಹೆಗಲಿಗೇರಿಸಿದಳು. ಬಸಮ್ಮನವರ ಕೊಟ್ಟಿಗೆಯ ದನಕ್ಕಾಗುತ್ತೆ, ಇಲ್ಲಿ ಒಂದು ಗಳಿಗೆಯೂ ಇಡುವುದಿಲ್ಲ ಎಂದು ಡ್ರೈವರಿಗೆ ಹೇಳಿದಳು. ಬೀಗಿತಿಯರಿಬ್ಬರೂ ಬಾಗಿಲಲ್ಲಿ ನಿಂತು ನಗುತ್ತಿದ್ದಂತೆ, ಬಾಣಂತಿಯನ್ನು ಒಯ್ಯಲು ಬಂದ ಜೀಪು ಹಿಂದಿನ ಸೀಟಿನಲ್ಲಿ ಸಿಪ್ಪೆಯ ಮೂಟೆಯನ್ನು ಕೂರಿಸಿಕೊಂಡು ಬಿಕ್ಕೋಡಿಗೆ ಹೊರಟಿತು.