ಮುಡಬಿ ಮೈದಾನದ ಸಂಡಿಗೆ ಕಾಯ್ದೆ

ಮುಡಬಿಯ ಫುಟ್‌ಬಾಲ್ ಮೈದಾನದಲ್ಲಿ ನೀರು ಚೆಲ್ಲಿದರೆ ಕೆಳಗಿನ ಗೋಲಿನವರೆಗೆ ತಾನೇ ಹರಿಯುತ್ತದೆ, ಚೆಂಡೂ ಹಾಗೆಯೇ. ನಡುವೆ ಬೇವಿನ ಮರ. ಒಂದು ಬದಿಗೆ ಅಕ್ಬರಿಬಿಯ ಮನೆಗೋಡೆಯೇ ಗೆರೆ. ಬೇಸಿಗೆಯಲ್ಲಿ ಮೇಲಿನ ಗೋಲಿನ ಮುಂದೆ ಸೀರೆ ಹಾಸಿ ಅವಳು ಸಂಡಿಗೆ ಹಾಕುತ್ತಾಳೆ. ಅದಕ್ಕೆ ಚೆಂಡು ತಾಗಿಸಿದವನದು ಫೌಲ್. ಈ ಕಾಯ್ದೆ ಮಾಡಿದವಳೂ ಅವಳೇ.

ಊರ ಹುಡುಗರು ಆಟದುದ್ದಕ್ಕೂ ಇಳಿಜಾರಿನತ್ತ ಒದೆಯುವುದು, ಬಂದವರು ಏರುವುದು ಅಲ್ಲಿನ ವಾಡಿಕೆ. “ಬೀಗರನ್ನ ಮ್ಯಾಲೆ ಹತ್ತಸೂದು ನಮ್ಮ ರಿವಾಜ್ ಅದ” ಎಂದು ಅಕ್ಬರಿಬಿ ನಗುವಳು.

ಗಂಡ ಖಮರುದ್ದೀನ್ ತೀರಿಕೊಂಡ ಮೇಲೆ ಬಾಯಿತುಂಬ ಬಯ್ಯಲು ಅವಳಿಗೆ ಉಳಿದವರು ರೆಫರಿಗಳಷ್ಟೇ. ಈ ವರ್ಷ ಅದಕ್ಕೂ ಕುತ್ತು ಬಂತು. ಫೈನಲ್‌ನಲ್ಲಿ ಮುಡಬಿ ಗೆಲ್ಲದಿದ್ದರೆ ಪಂದ್ಯಾವಳಿ ಹುಮನಾಬಾದಿಗೆ ಹೋಗುವುದೆಂದು ಮಾತಾಗಿತ್ತು.

ಹುಮನಾಬಾದಿನ ನಾಯಕ ಸಂತೋಷಕುಮಾರ ಸಂಡಿಗೆ ನೋಡಿ ಹಣೆ ಚಚ್ಚಿಕೊಂಡ. “ಅಮ್ಮಾ, ಇದನ್ನ ಎತ್ತರಿ.”

“ಹಸಿ ಅದಾವ ಬೇಟಾ. ಎತ್ತಿದ್ರ ಒಡದು ಹೋಗ್ತಾವ, ಅಲ್ಲಾ ಕಸಮ್! ಸಂಜೀತನಕ ಮುಟ್ಟಂಗಿಲ್ಲ.”

ಬಸವಕಲ್ಯಾಣದಿಂದ ಬಂದಿದ್ದ ಹೊಸ ರೆಫರಿ ದಿಗಂಬರ, “ಇರಲಿ ಬಿಡ್ರಿ” ಎಂದ.

ಹುಮನಾಬಾದಿನವರು ಏದುಸಿರು ಬಿಡುತ್ತ ಏರಿ ಬಂದಾಗಲೆಲ್ಲ ಚೆಂಡು ಸಂಡಿಗೆಗೆ ತಾಗಿ ಫೌಲ್. ಅಕ್ಬರಿಬಿ ಹೊರಸಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು. ಅರ್ಧ ಆಟ ಮುಗಿದರೂ ಯಾರದೂ ಗೋಲಿಲ್ಲ.

ದಿಗಂಬರ ಸೀಟಿ ಊದಿದ. “ಈಗ ಎರಡೂ ತಂಡ ಕಡಿ ಬದಲ್ ಮಾಡ್ರಿ.”

“ಇಲ್ಲಿ ಹಂಗಿಲ್ರಿ!” ಎಂದರು ಊರವರು.

“ನಿಮ್ಮ ಮರ ಒಪ್ಪಿಕೊಂಡೆ, ಗ್ವಾಡಿ ಒಪ್ಪಿಕೊಂಡೆ, ಸಂಡಿಗೀನೂ ಒಪ್ಪಿಕೊಂಡೆ. ಇದೊಂದು ನಂದು ಕೇಳ್ರಿ.”

ಅಕ್ಬರಿಬಿಯ ಬಾಯಲ್ಲಿ ಎಲೆ ಹಾಗೇ ನಿಂತಿತು. ಈಗ ಮೇಲಿನ ಗೋಲಿಗೆ ಹೊಡೆಯಬೇಕಾದವರು ಊರ ಹುಡುಗರು. ಅವಳ ಸಂಡಿಗೆ ಹುಮನಾಬಾದಿನ ಗೋಲು ಕಾಯತೊಡಗಿತ್ತು! ಮೊಮ್ಮಗ ಇರ್ಫಾನ ಒದ್ದದ್ದೆಲ್ಲ ಫೌಲ್.

“ಏನ್ ನೋಡಾಕತ್ತೀ ದಾದಿ? ಎತ್ತ ಅದನ್ನ!”

“ಹ್ಯಾಂಗ ಎತ್ತಲೋ? ಸಂಜೀತನಕ ಮುಟ್ಟಂಗಿಲ್ಲಂತ ಮುಂಜಾನಿ ಕಸಮ್ ತಿಂದೀನಿ!”

“ಎತ್ತಬ್ಯಾಡ್ರಿ ಅಮ್ಮಾ, ಒಡದು ಹೋದಾವು!” ಸಂತೋಷಕುಮಾರ ಕೂಗಿದ.

ಆಟ ಮುಗಿಯುತ್ತ ಬಂದಿತ್ತು. ಅಕ್ಬರಿಬಿ ಮೆಲ್ಲಗೆ ಗೋಡೆಯ ಹಿಂದೆ ಹೋಗಿ ಬಂದು ಕೂತಳು. ಅವಳ ಬೆನ್ನಿಗೇ ಅಲ್ಲಿ ಕಟ್ಟಿದ್ದ ಆಡುಗಳು ನುಗ್ಗಿ ಸಂಡಿಗೆಗೆ ಬಾಯಿ ಹಾಕಿದವು. ಆಡು ಹೊಕ್ಕರೆ ಆಟ ನಿಲ್ಲಿಸುವ ಕಾಯ್ದೆ ಅಲ್ಲಿರಲಿಲ್ಲ.

“ಹಾಯ್ ಹಾಯ್, ನನ್ನ ಸಂಡಿಗಿ!” ಎಂದು ಎದೆ ಬಡಿದುಕೊಂಡಳು, ಓಡಿಸಲು ಮಾತ್ರ ಏಳಲಿಲ್ಲ. ಕರಿ ಆಡೊಂದು ಸೀರೆಯನ್ನೇ ಕಚ್ಚಿ ಎಳೆದುಕೊಂಡು ಓಡಿತು. ಉಳಿದವು ಅದರ ಬೆನ್ನು ಹತ್ತಿದವು. ದಾರಿ ತೆರವಾಯಿತು. ಇರ್ಫಾನ ಒದ್ದ. ಗೋಲು!

ಮುಡಬಿ ಗೆದ್ದು ಆಟ ಮುಗಿದ ಮೇಲೆ ಸಂತೋಷಕುಮಾರ ಬಂದ. “ಖರೇ ಹೇಳ್ರಿ ಅಮ್ಮಾ, ಆಡಿನ ಹಗ್ಗ ಯಾರು ಬಿಚ್ಚಿದ್ರು?”

“ನಾ ಕಸಮ್ ತಿಂದದ್ದು ಸಂಡಿಗಿದ್ದು ಬೇಟಾ, ಆಡಿಂದಲ್ಲ. ಮುಂದಿನ ವರ್ಷ ಬಾ, ಸಂಡಿಗಿ ಕರಿದು ತಿನಸ್ತೀನಿ.”

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದಿಗಂಬರನತ್ತ ನಡೆದಳು. ಕಡೆ ಬದಲಿಸಿದ್ದಕ್ಕೆ ಅವನನ್ನು ಬಯ್ಯುವುದು ಇನ್ನೂ ಬಾಕಿ ಇತ್ತು.