ನಿಮ್ಮ ಪಾಲಿನ ಕಡಲು

ಅಂಡಮಾನಿನಲ್ಲಿ ನಿಮ್ಮನ್ನು ಸಮುದ್ರದೊಳಕ್ಕೆ ಇಳಿಯದಂತೆ ಮಾಡಿದವಳು ನಾನು. ನಿಮ್ಮ ವಯಸ್ಸಲ್ಲ, ಸ್ಕೂಬಾ ಅಂಗಡಿಯ ರೂಲ್ಸೂ ಅಲ್ಲ — ನಾನು, ನಿಮ್ಮ ಹೆಂಡತಿ ಸರೋಜ. ಉಸಿರಿನ ಕೊಳವೆ ಕೊಟ್ಟು ಕಡಲ ತಳಕ್ಕೆ ಇಳಿಸುವ ಆ ಅಂಗಡಿಯ ಹುಡುಗಿಯ ಹತ್ತಿರ ನಿಮಗೆ ಉಬ್ಬಸವಿದೆ ಎಂದು ಸುಳ್ಳು ಹೇಳಿದೆ. ನಲವತ್ತು ದಾಟಿದವರನ್ನು ಇಳಿಸುವುದಿಲ್ಲವಂತೆ ಎಂದು ನಿಮ್ಮ ಹತ್ತಿರ ಇನ್ನೊಂದು ಸುಳ್ಳು ಹೇಳಿದೆ. ಇಬ್ಬರೂ ನಂಬಿದಿರಿ.

ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಎನ್ನುತ್ತೀರೇನೋ. ಸಂಜೆ ಮಗಳು ಅಳಿಯ ಬರುತ್ತಾರೆ. ಅವರೂ ಅದೇ ದ್ವೀಪಕ್ಕೆ ಹೊರಟಿದ್ದಾರೆ. ಈಗ ಅಲ್ಲಿ ಸ್ಕೂಬಾದವರು ಹತ್ತಾರು ಜನ ಇದ್ದಾರಂತೆ, ಯಾರನ್ನು ಆರಿಸುವುದೋ ತಿಳಿಯುತ್ತಿಲ್ಲವಂತೆ. ನೀವು ಫೋನಿನಲ್ಲಿ ಅಂದಿರಿ, "ನಿಮ್ಮವ್ವನ್ನ ಕೇಳವ್ವ. ಅಂಗ್ಡಿ ಆರ್ಸೋದ್ರಲ್ಲಿ ಅವ್ಳ ಬುಟ್ರೆ ಇನ್ಯಾರೂ ಇಲ್ಲ." ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅದಕ್ಕೇ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ, ಎದುರಿಗೆ ಕೂತು ಹೇಳುವಾಗ ಬಾಯಿ ಕಟ್ಟಬಾರದು.

ನಾವು ಹೋದ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಬಂದಿತ್ತು. ಪಿರಿಯಾಪಟ್ಟಣದ ನಮ್ಮ ಗೊಬ್ಬರದಂಗಡಿಯಲ್ಲಿ ಮೂಟೆ ಇಳಿಸಿದಷ್ಟೂ ಖಾಲಿ. ಟಾರ್ಗೆಟ್ ಮುಟ್ಟಿದ ಡೀಲರುಗಳಿಗೆ ಕಂಪನಿಯವರು ಹೆಂಡತಿ ಸಮೇತ ಅಂಡಮಾನಿಗೆ ಟೂರು ಕೊಟ್ಟರು. ಟೀವಿಯಲ್ಲಿ ಸಮುದ್ರದ ತಳ ತೋರಿಸಿದರೆ ಕೈಯಲ್ಲಿದ್ದ ತುತ್ತು ಮರೆತು ಕೂರುತ್ತಿದ್ದವರು ನೀವು. ಈಜು ಬಾರದು. ಆದರೂ ಬಂದ ಗಿರಾಕಿಗಳಿಗೆಲ್ಲ, "ಸಮುದ್ರದೊಳಿಕ್ಕೇ ಓಗಿ ಮೀನ್ ನೋಡ್ಕಂಡ್ ಬತ್ತೀನಿ ಕಣ್ರಪ್ಪ" ಎಂದು ಸಾರಿದಿರಿ. ಆ ಆಸೆ ನಿಮ್ಮದು, ಅದಕ್ಕಾಗಿ ವರ್ಷವಿಡೀ ದುಡಿದವರೂ ನೀವು.

ಟೂರಿನವನು ಹಡಗು ನಿಲ್ಲುವ ಜೆಟ್ಟಿಯ ಪಕ್ಕದ ಸ್ಕೂಬಾ ಅಂಗಡಿ ತೋರಿಸಿದ. ಮಿಕ್ಕ ಡೀಲರುಗಳು ಕುರಿಮಂದೆಯ ಹಾಗೆ ಅಲ್ಲಿಗೇ ನುಗ್ಗಿದರು. ನೀವು ಮಾತ್ರ, "ತಡೀರಿ, ನಮ್ಮವ್ಳು ಇಂಗ್ಲಿಷ್ ಓದವ್ಳೆ, ನೋಡ್ಲಿ" ಅಂದಿರಿ. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವ ಮೊದಲು ಅವರ ಪಾತ್ರೆ ನೋಡಬೇಕು ಎನ್ನುತ್ತಿದ್ದಳು ನಮ್ಮಜ್ಜಿ. ನಾನೂ ಅದನ್ನೇ ನೋಡಿದೆ. ಅಲ್ಲಿ ಒಬ್ಬರ ಬಾಯಿಂದ ತೆಗೆದ ಕೊಳವೆ ತೊಳೆಯದೆ ಇನ್ನೊಬ್ಬರ ಬಾಯಿಗೆ ಹೋಗುತ್ತಿತ್ತು. ಒಬ್ಬನೇ ನಾಲ್ಕು ಜನರನ್ನು ಎಳೆದುಕೊಂಡು ನೀರಿಗೆ ಇಳಿಯುತ್ತಿದ್ದ. ತೆಂಗಿನ ಮರಗಳ ಹಿಂದೆ ಇನ್ನೊಂದು ಅಂಗಡಿ ಇತ್ತು. ಮೈಗೆ ತೊಡುವ ರಬ್ಬರ್ ಬಟ್ಟೆಗಳನ್ನು ಸಿಹಿನೀರಿನಲ್ಲಿ ಜಾಲಿಸಿ ನೆರಳಿಗೆ ಹಾಕಿದ್ದರು. ಇಳಿಯುವ ಒಬ್ಬೊಬ್ಬರ ಜೊತೆಗೂ ಅಂಗಡಿಯವರು ಒಬ್ಬರು. ಅಲ್ಲಿದ್ದ ಮುಂಬೈ ಕಡೆಯ ಹುಡುಗಿ ದುಡ್ಡಿನ ಮಾತೆತ್ತುವ ಮೊದಲೇ ಇಂಗ್ಲಿಷಿನಲ್ಲಿ ಕೇಳಿದಳು — ಉಬ್ಬಸ ಇದೆಯೇ, ಎದೆನೋವು, ಮೂರ್ಛೆ, ಕಿವಿಸೋರಿಕೆ? ಇದ್ದರೆ ಇಳಿಸುವುದಿಲ್ಲ. ಇದೇ ಸರಿಯಾದ ಜಾಗ ಎಂದು ಆಗಲೇ ಮನಸ್ಸಿಗೆ ಬಂತು.

ಆದರೆ ಆ ಬೆಳಿಗ್ಗೆ ಅಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗ ಉಳಿದಿತ್ತು. ಮಧ್ಯಾಹ್ನಕ್ಕೆ ವಾಪಸು ಹೊರಡುವ ನಮ್ಮ ಹಡಗು. ಹೊರಗೆ ಬಂದು ಹೇಳಿದೆ. ನೀವು ಆಗಲೇ ಚಪ್ಪಲಿ ಬಿಡುತ್ತಿದ್ದಿರಿ. "ಅಂಗಾರೆ ನಾನ್ ಓಗ್ಬತ್ತೀನಿ. ನೀನು ಬ್ಯಾಗ್ ನೋಡ್ಕಂಡ್ ಕೂತಿರು."

ಬ್ಯಾಗ್ ನೋಡಿಕೊಳ್ಳಬೇಕಂತೆ! ನನಗೂ ಇಳಿಯುವ ಮನಸ್ಸಿದೆಯೇ ಎಂದು ಕೇಳಬೇಕು ಅನ್ನಿಸಲಿಲ್ಲ ನಿಮಗೆ. ತವರು ಸಾಲಿಗ್ರಾಮದಲ್ಲಿ ಅಣ್ಣಂದಿರಿಗಿಂತ ಮೊದಲು ಹೊಳೆಯ ಆಚೆ ದಡ ಮುಟ್ಟುತ್ತಿದ್ದವಳು ನಾನು. ಮೈನೆರೆದಾಗ ಅಜ್ಜಿ, "ಸಾಕು ಕಣವ್ವ, ಇನ್ ನೀರ್ಗಿಳೀಬ್ಯಾಡ" ಅಂದಳು. ಅಲ್ಲಿಂದ ಈಚೆಗೆ ತಲೆ ಮುಳುಗುವಷ್ಟು ನೀರಿಗೆ ಇಳಿದವಳಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಬಾಯಿಬಿಟ್ಟು ನಾನು ಹೋಗುತ್ತೇನೆ ಅನ್ನಬಹುದಿತ್ತು. ಜಗಳವಾಡಬಹುದಿತ್ತು, ಜಗಳ ನನಗೇನು ಹೊಸದೇ? ಅದನ್ನು ಬಿಟ್ಟು ಒಳಗೆ ಹೋಗಿ ಆ ಹುಡುಗಿಗೆ ಹೇಳಿದೆ, "ನನ್ನ ಗಂಡನಿಗೆ ಉಬ್ಬಸ. ಕೇಳಿದರೆ ಒಪ್ಪಿಕೊಳ್ಳುವುದಿಲ್ಲ."

ಎಷ್ಟು ಸಲೀಸಾಗಿ ಬಂತು! ಜೆಟ್ಟಿಯ ಅಂಗಡಿಯಲ್ಲಿ ಈ ಸುಳ್ಳು ನಡೆಯುತ್ತಿರಲಿಲ್ಲ, ಉಬ್ಬಸವಿದ್ದರೂ ಇಳಿಸಿಬಿಡುತ್ತಿದ್ದರು. ಒಳ್ಳೆಯ ಅಂಗಡಿ ಆರಿಸಿ, ಅದರ ಒಳ್ಳೆಯತನವನ್ನೇ ನಿಮ್ಮ ಮೇಲೆ ತಿರುಗಿಸಿದೆ. ಆಕೆ ಹೊರಗೆ ಬಂದು ನಿಮ್ಮ ಭುಜ ಮುಟ್ಟಿ "ಸಾರಿ ಸರ್" ಅಂದಳು. ನೀವು ಬರುವ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, "ಓನ್ಲಿ ಟೆನ್ ಮಿನಿಟ್ಸ್ ಮೇಡಂ" ಎಂದು ಕೈಮುಗಿದಿರಿ. ಆಕೆ ಒಪ್ಪಲಿಲ್ಲ. ನೀವು ನನ್ನ ಮುಖ ನೋಡಿದಿರಿ. ಆಗಲಾದರೂ ನಾನು — ಇಲ್ಲ. ವಯಸ್ಸಿನ ಸುಳ್ಳು ಹೇಳಿದೆ. ಜೆಟ್ಟಿಯ ಅಂಗಡಿ ನಂಬುವಂಥದ್ದಲ್ಲ ಎಂದೂ ಸೇರಿಸಿದೆ. ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂದಿರಿ, "ಓಗ್ಲಿ ಬುಡು. ನೀನಾದ್ರೂ ನೋಡ್ಕಂಡ್ ಬಾ."

ತಳದಲ್ಲಿ ಕಂಡದ್ದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅಲ್ಲಿ ನಿಮ್ಮ ನೆನಪೇ ಬರಲಿಲ್ಲ. ಅಷ್ಟು ಸುಖವಾಗಿದ್ದೆ. ಮೇಲೆ ಬಂದಾಗ ನೀವು ನನ್ನ ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿ ಹಿಡಿದುಕೊಂಡು, ಬ್ಯಾಗಿನ ಪಕ್ಕ ಮರಳಲ್ಲಿ ಕೂತಿದ್ದಿರಿ.

ಹಡಗಿನಲ್ಲಿ ಹುಣಸೂರಿನ ಡೀಲರು ಕಿವಿ ಹಿಡಿದು ನರಳುತ್ತಿದ್ದರು. ಜೆಟ್ಟಿಯ ಅಂಗಡಿಯವರು ಅವರನ್ನು ಇಳಿಸಿದ್ದರು. "ನಿನ್ಗಿಂತ ದೊಡ್ಡವ್ನು, ನನ್ನೇ ಇಳ್ಸವ್ರೆ. ನಿನ್ನ ಯಾಕಯ್ಯಾ ಬುಡ್ನಿಲ್ಲ?" ಎಂದರು. ನೀವು ತಟಕ್ಕನೆ, "ನಮ್ಮವ್ಳು ಆರ್ಸಿದ್ದು ರೂಲ್ಸ್ ಇರೋ ಅಂಗ್ಡಿ ಕಣಣ್ಣೋ. ಇಲ್ದಿದ್ರೆ ನನ್ ಕಿವೀನೂ ಓಗಿರೋದು" ಅಂದಿರಿ. ಆವತ್ತಿನಿಂದ ಮದುವೆಮನೆಯಲ್ಲಿ, ಅಂಗಡಿಯಲ್ಲಿ, ಬಂದವರ ಹತ್ತಿರವೆಲ್ಲ ಅದೇ ಕಥೆ. ನನ್ನ ಮೋಸ ನಿಮ್ಮ ಬಾಯಲ್ಲಿ ನನ್ನ ಜಾಣತನವಾಯಿತು. ಬೈದಿದ್ದರೆ ನಾಲ್ಕು ಮಾತು ತಿರುಗಿ ಅಂದು ಸುಮ್ಮನಾಗುತ್ತಿದ್ದೆ. ಈ ಹೊಗಳಿಕೆಯನ್ನು ಮಾತ್ರ — ಆಗುವುದಿಲ್ಲ ನನಗೆ.

ಇನ್ನೊಮ್ಮೆ ಕರೆದುಕೊಂಡು ಹೋದರಾಯಿತು ಎಂದು ಮುಂದೂಡುತ್ತಾ ಬಂದೆ. ಹೋದ ವರ್ಷ ನಿಮ್ಮ ಹೃದಯಕ್ಕೆ ಸ್ಟೆಂಟ್ ಹಾಕಿದರು. ನೀರಿನೊಳಗೆಲ್ಲ ಇಳಿಯುವ ಮಾತೇ ಬೇಡ ಅಂದರು ಡಾಕ್ಟರು. ನಿಮ್ಮ ಬಾಯಿಂದ ಕಿತ್ತುಕೊಂಡ ತುತ್ತನ್ನು ಇನ್ನು ಹಿಂದಿರುಗಿಸಲಾರೆ.

ಕೇಳಿ. ನೀರಿಗಿಳಿದದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಇನ್ನೊಂದು ಜನ್ಮ ಬಂದರೂ ಇಳಿಯುತ್ತೇನೆ, ಆವಾಗ ಕೇಳಿಯೇ ಇಳಿಯುತ್ತೇನೆ. ನಿಮ್ಮನ್ನು ದಡದಲ್ಲಿ ಕೂರಿಸಿದ ಸುಳ್ಳಿಗೆ ತಗ್ಗಿಸುತ್ತೇನೆ. ಎರಡನ್ನೂ ಒಂದು ಮಾಡಬೇಡಿ. ಅತ್ತು ಕರೆದು ಕ್ಷಮೆ ಕೇಳುವವಳೂ ಅಲ್ಲ ನಾನು. ಕೋಪ ಬಂದರೆ ಮಕ್ಕಳೆದುರೇ ಬೈಯಿರಿ.

ಸಂಜೆ ಕಾಫಿ ಆದ ಮೇಲೆ ನೀವು ಎಂದಿನಂತೆ, "ಯೋಳು ಸರೋಜ, ತಳದಲ್ಲಿ ಏನೇನಿತ್ತು" ಅನ್ನುತ್ತೀರಿ. ಈ ಸಲ ಮೀನುಗಳಿಂದ ಶುರುಮಾಡುವುದಿಲ್ಲ. ನೀವು ಚಪ್ಪಲಿ ಬಿಟ್ಟಿರಲ್ಲ, ಅಲ್ಲಿಂದ ಶುರುಮಾಡುತ್ತೇನೆ.